ಸಾವಿನ ಲೆಕ್ಕ, ಕಾಯಿಲೆಯ ಲೆಕ್ಕ: ಯಾವ ಪ್ರಶ್ನೆಗೆ ಯಾವ ಅಂಕಿ?

2025ರ ಜೂನ್ ಕೊನೆಯಲ್ಲಿ ನಮ್ಮ ನೆಂಟರಿಷ್ಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಸುದ್ದಿ: ಹಾಸನ ಜಿಲ್ಲೆಯಲ್ಲಿ ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತಕ್ಕೆ ಬಲಿ. ಸತ್ತವರಲ್ಲಿ ಕೆಲವರಿಗೆ ಮೂವತ್ತೂ ತುಂಬಿರಲಿಲ್ಲ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ನಮ್ಮ ಚಿಕ್ಕಮ್ಮ ಕೂಡ ಎದೆಯಲ್ಲಿ ಏನೂ ಇಲ್ಲದಿದ್ದರೂ "ಒಂದ್ಸಲ ತೋರಿಸ್ಕೊಂಡು ಬಂದ್ಬಿಡ್ತೀನಿ ಕಣೋ" ಅಂತ ಹೊರಟು ನಿಂತರು. ತಾಲ್ಲೂಕು ಮಟ್ಟದಲ್ಲಿ ಆರೋಗ್ಯದ ಅಂಕಿಅಂಶ ಒಟ್ಟು ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಸುದ್ದಿ ಓದಿದ ಕೂಡಲೇ ಕೈ ಕ್ಯಾಲ್ಕ್ಯುಲೇಟರ್ ಹುಡುಕಿತು.

2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಹುಟ್ಟು–ಸಾವು ಎಣಿಸುವ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್, 2020ರಲ್ಲಿ ಹೇಳಿದ ಪ್ರಕಾರ ಕರ್ನಾಟಕದ ಮರಣ ದರ ಸಾವಿರಕ್ಕೆ 6.2. ಗುಣಿಸಿದರೆ ವರ್ಷಕ್ಕೆ ಸುಮಾರು 11,000 ಸಾವು, ನಲವತ್ತು ದಿನಕ್ಕೆ 1,200. ದೇಶದಲ್ಲಿ 2016ರ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಪಾಲು ಶೇ. 28, ಪಾರ್ಶ್ವವಾಯುವೂ ಸೇರಿ. ಅದೇ ಪಾಲು ಹಾಸನಕ್ಕೂ ಅಂದುಕೊಂಡರೆ ಯಾವ ನಲವತ್ತು ದಿನ ತೆಗೆದುಕೊಂಡರೂ ಮುನ್ನೂರು ಚಿಲ್ಲರೆ ಸಾವು ಬರಬೇಕು. ಪಟ್ಟಿಯಲ್ಲಿದ್ದದ್ದು ಇಪ್ಪತ್ತು ಚಿಲ್ಲರೆ. ಪತ್ರಿಕೆಗೆ, ಟಿವಿಗೆ ಬಂದ ಸಾವುಗಳನ್ನಷ್ಟೇ ಅದು ಕೂಡಿಟ್ಟಿತ್ತು.

ಅಂದಮಾತ್ರಕ್ಕೆ ಹೆದರಿದವರು ದಡ್ಡರಲ್ಲ. ಜನರ ಅಳುಕು ಒಟ್ಟು ಸಾವಿನ ಬಗ್ಗೆ ಇರಲಿಲ್ಲ, ಚಿಕ್ಕ ವಯಸ್ಸಿನವರ ಬಗ್ಗೆ ಇತ್ತು. ಆ ಪ್ರಶ್ನೆಗೆ ಉತ್ತರ ಬೇಕಾದರೆ ಜಿಲ್ಲೆಯಲ್ಲಿ 45 ವರ್ಷದೊಳಗಿನವರು ಎಷ್ಟು ಲಕ್ಷ, ಅವರಲ್ಲಿ 2025ರ ಮೇ–ಜೂನಿನಲ್ಲಿ ಸತ್ತವರೆಷ್ಟು, ಹಿಂದಿನ ವರ್ಷ, ಅದರ ಹಿಂದಿನ ವರ್ಷ ಅದೇ ತಿಂಗಳುಗಳಲ್ಲಿ ಎಷ್ಟು ಎಂದು ಹುಡುಕಬೇಕು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿದಾಗ ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಪಟ್ಟಿಯ ಅಂಶವೂ ಸರಿ ಇರಲಿಲ್ಲ, ಛೇದವಂತೂ ಇರಲೇ ಇಲ್ಲ.

ಅಂಶ, ಛೇದ ಅಂದೆ. ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ. ಐದನೇ ಕ್ಲಾಸಿನ ಈ ಎರಡು ಪದ ನೆನಪಿದ್ದರೆ ಸಾಕು. ಐಎಂಆರ್ (ಶಿಶು ಮರಣ ದರ), ಎಂಎಂಆರ್ (ತಾಯಿ ಮರಣದ ಅಳತೆ), ಇನ್ಸಿಡೆನ್ಸ್, ಪ್ರಿವೆಲೆನ್ಸ್ ಎಂಬ ಗದ್ದಲದಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂಬುದು ಬಹುಪಾಲು ಕೆಳಗಿನ ಸಂಖ್ಯೆಯಲ್ಲೇ ತೀರ್ಮಾನವಾಗುತ್ತದೆ.

ಒಟ್ಟು ಮರಣ ದರವೋ, ವಯಸ್ಸಿಗೆ ಹೊಂದಿಸಿದ ದರವೋ

ಒಂದು ತಮಾಷೆ ನೋಡಿ. 2020ರಲ್ಲಿ ಕೇರಳದ ಮರಣ ದರ ಸಾವಿರಕ್ಕೆ 7.0, ಬಿಹಾರದ್ದು 5.4. ಹಾಗಾದರೆ ಬದುಕಲು ಬಿಹಾರವೇ ಮೇಲೇ? ಅದೇ ವರ್ಷ ಒಂದು ವರ್ಷ ತುಂಬುವ ಮೊದಲೇ ತೀರಿಹೋದ ಮಕ್ಕಳು ಸಾವಿರ ಜೀವಂತ ಜನನಕ್ಕೆ ಕೇರಳದಲ್ಲಿ 6, ಬಿಹಾರದಲ್ಲಿ 27. ಕೇರಳದಲ್ಲಿ ಮುದುಕರು ಹೆಚ್ಚು, ಬಿಹಾರದಲ್ಲಿ ಮಕ್ಕಳು, ಹದಿಹರೆಯದವರು ಹೆಚ್ಚು. ಮುದುಕರಿರುವ ಕಡೆ ಸಾವು ಹೆಚ್ಚು, ಅಷ್ಟೇ.

ನಮ್ಮಲ್ಲೂ ಇದು ನಡೆಯುತ್ತದೆ. ಬರಿ ಲೆಕ್ಕಕ್ಕೆಂದು ತಲಾ ಒಂದು ಲಕ್ಷ ಜನರ ಎರಡು ತಾಲ್ಲೂಕು ಕಲ್ಪಿಸಿಕೊಳ್ಳಿ. ಒಂದು ಕರಾವಳಿ ಕಡೆಯದು. ಹುಡುಗರೆಲ್ಲ ಬೆಂಗಳೂರು, ಮುಂಬೈ, ದುಬೈ ಸೇರಿ ಮನೆಯಲ್ಲಿ ಅಪ್ಪ–ಅಮ್ಮ ಉಳಿದಿದ್ದಾರೆ. ಅರವತ್ತು ದಾಟಿದವರು 20,000. ಇನ್ನೊಂದು ಯಾದಗಿರಿ ಕಡೆಯದು, ಅಲ್ಲಿ ಅರವತ್ತು ದಾಟಿದವರು 7,000. ಕರಾವಳಿಯಲ್ಲಿ ಅರವತ್ತರೊಳಗಿನವರ ಮರಣ ದರ ಸಾವಿರಕ್ಕೆ 2, ಮೇಲಿನವರದು 35 ಇರಲಿ. ಯಾದಗಿರಿ ಕಡೆ 3 ಮತ್ತು 42 ಇರಲಿ. ಎರಡೂ ವಯೋಗುಂಪಿನಲ್ಲಿ ಯಾದಗಿರಿ ಕಡೆಯೇ ಸಾವು ಹೆಚ್ಚು. ಈಗ ಒಟ್ಟು ಹಾಕಿ: ಕರಾವಳಿಯಲ್ಲಿ 860 ಸಾವು, ದರ 8.6. ಅತ್ತ 573 ಸಾವು, ದರ 5.7. ಇದನ್ನೇ ಸಭೆಯಲ್ಲಿ ಓದಿದರೆ ಕರಾವಳಿಯವರಿಗೆ ಬೈಗುಳ, ಇನ್ನೊಬ್ಬರಿಗೆ ಚಪ್ಪಾಳೆ.

ಇದಕ್ಕೆ ಮದ್ದು ಸುಲಭ. ಎರಡೂ ತಾಲ್ಲೂಕಿನಲ್ಲಿ ಅರವತ್ತು ದಾಟಿದವರು ಶೇ. 12, ಉಳಿದವರು ಶೇ. 88 ಎಂದು ಒಂದೇ ಅಳತೆಗೋಲು ಹಿಡಿದು ಮತ್ತೆ ಲೆಕ್ಕ ಹಾಕಿ. ಕರಾವಳಿ ಸುಮಾರು 6.0ಕ್ಕೆ ಇಳಿಯುತ್ತದೆ, ಯಾದಗಿರಿ ಕಡೆ 7.7ಕ್ಕೆ ಏರುತ್ತದೆ. ವಯಸ್ಸಿಗೆ ಹೊಂದಿಸಿದ ದರ ಅಂದರೆ ಇದೇ. ಕ್ಯಾನ್ಸರ್ ನೋಂದಣಿ ಕೇಂದ್ರಗಳು, ಅಂದರೆ 1982ರಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನಡೆಸುತ್ತಿರುವಂಥವು, ಊರೂರನ್ನು ಹೋಲಿಸುವಾಗ ಕೊಡುವುದೂ ಈ ದರವನ್ನೇ.

ಹಾಗೆಂದು ಹೊಂದಿಸದ ಒಟ್ಟು ದರವನ್ನು, ಅಂದರೆ ಕಚ್ಚಾ ದರವನ್ನು, ಎಸೆಯಬೇಡಿ. ಸ್ಮಶಾನಕ್ಕೆ ಜಾಗ ಎಷ್ಟು ಬೇಕು, ಮುಕ್ತಿವಾಹನ ಎಷ್ಟು ಬೇಕು ಅಂದರೆ ಕಚ್ಚಾ ದರವೇ ಸರಿ. ಹೊಂದಿಸಿದ ದರದಲ್ಲಿ ಹೆಣ ಸುಡಲು ಆಗುವುದಿಲ್ಲ.

ಅದೇ ರಾಜ್ಯ, ಅದೇ ಐಎಂಆರ್, ಎರಡು ಉತ್ತರ

ಕರ್ನಾಟಕದ ಶಿಶು ಮರಣ ದರ ಎಷ್ಟು? ಎಸ್‌ಆರ್‌ಎಸ್ 2020ಕ್ಕೆ 19 ಅನ್ನುತ್ತದೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆ 25.4 ಅನ್ನುತ್ತದೆ. ಸದನದಲ್ಲಿ ಆಳುವವರು ಮೊದಲನೆಯದನ್ನು, ವಿರೋಧದವರು ಎರಡನೆಯದನ್ನು ಹಿಡಿದುಕೊಂಡರೆ ಆಶ್ಚರ್ಯವಿಲ್ಲ. ಎರಡರಲ್ಲೂ ಸುಳ್ಳಿಲ್ಲ.

ಎಸ್‌ಆರ್‌ಎಸ್ ಆಯ್ದ ಊರು, ಬಡಾವಣೆಗಳಲ್ಲಿ ವರ್ಷವಿಡೀ ನಡೆಯುವ ಕೆಲಸ. ಅಲ್ಲೇ ಇರುವ ಗಣತಿದಾರರೊಬ್ಬರು ಹುಟ್ಟು–ಸಾವು ಆದಂತೆಲ್ಲ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಬೇರೊಬ್ಬ ಮೇಲ್ವಿಚಾರಕರು ಆ ಪುಸ್ತಕ ನೋಡದೆ ಮನೆಮನೆಗೆ ಹೋಗಿ ಹೊಸದಾಗಿ ಬರೆದುಕೊಳ್ಳುತ್ತಾರೆ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಕೂಸಿಗಾಗಿ ಮತ್ತೆ ಅದೇ ಮನೆ ಬಾಗಿಲು ತಟ್ಟುತ್ತಾರೆ. ನನಗೆ ಸರ್ಕಾರಿ ಅಂಕಿಗಳಲ್ಲಿ ಅತಿ ಹೆಚ್ಚು ಗೌರವ ಇರುವುದು ಈ ಎರಡನೇ ಸಲದ ಬಾಗಿಲು ತಟ್ಟುವಿಕೆಯ ಮೇಲೆ.

ಕುಟುಂಬ ಸಮೀಕ್ಷೆ ಬೇರೆ ಬಗೆಯದು. ತಾಯಂದಿರ ಮುಂದೆ ಕೂತು ಹೆತ್ತ ಮಕ್ಕಳ ಪೂರ್ತಿ ಕತೆ ಕೇಳುತ್ತಾರೆ. ದರ ಹಿಂದಿನ ಐದು ವರ್ಷಗಳದ್ದು. ಶಿಶು ಮರಣ ಇಳಿಯುತ್ತಾ ಬಂದಿರುವ ಕಡೆ ಹಳೆಯ ವರ್ಷಗಳೂ ಸೇರಿಕೊಳ್ಳುವುದರಿಂದ ಅಂಕಿ ಸ್ವಲ್ಪ ಮೇಲೇ ಇರುತ್ತದೆ. ವರ್ಷದಿಂದ ವರ್ಷಕ್ಕೆ ರಾಜ್ಯದ ದಾರಿ ನೋಡಲು ಎಸ್‌ಆರ್‌ಎಸ್ ತೆಗೆದುಕೊಳ್ಳಿ. ಯಾರ ಮನೆಯ ಮಕ್ಕಳು ಹೆಚ್ಚು ಸಾಯುತ್ತಿದ್ದಾರೆ, ತಾಯಿ ಓದಿದ್ದಾಳೆಯೇ, ಮನೆಯಲ್ಲಿ ಶೌಚಾಲಯ ಇದೆಯೇ ಎಂದು ಕೆದಕಲು ಕುಟುಂಬ ಸಮೀಕ್ಷೆ ತೆಗೆದುಕೊಳ್ಳಿ. ಒಂದು ವರ್ಷ ಇದನ್ನೂ ಮುಂದಿನ ವರ್ಷ ಅದನ್ನೂ ತೆಗೆದುಕೊಂಡು "ಇಳಿಯಿತು" ಎನ್ನುವುದು ಮೋಸ.

ಮೂರನೆಯದು ನಮ್ಮ ಪಿಎಚ್‌ಸಿಗಳು (ಪ್ರಾಥಮಿಕ ಆರೋಗ್ಯ ಕೇಂದ್ರಗಳು) ತಿಂಗಳು ತಿಂಗಳು ಕಂಪ್ಯೂಟರಿಗೆ ತುಂಬುವ ಆರೋಗ್ಯ ಮಾಹಿತಿ, ಎಚ್‌ಎಂಐಎಸ್. ಎಷ್ಟು ಹೆರಿಗೆ ಆಯಿತು, ಎಷ್ಟು ಚುಚ್ಚುಮದ್ದು ಹೋಯಿತು ಎಂಬುದಕ್ಕೆ ಒಳ್ಳೆಯದು. ಶಿಶು ಮರಣ ದರಕ್ಕೆ ನಾನು ಅದನ್ನು ಬಳಸುವುದಿಲ್ಲ. ಹುಟ್ಟಿ ಒಂದೆರಡು ಉಸಿರು ಎಳೆದು ಹೋದ ಕೂಸನ್ನು "ನಿರ್ಜೀವ ಜನನ" ಎಂದು ಬರೆದುಬಿಟ್ಟರೆ ಅದು ಅಂಶದಿಂದಲೂ ಬಿತ್ತು, ಛೇದದಿಂದಲೂ ಬಿತ್ತು. ಬರೆದವರು ಕೆಟ್ಟವರೇ ಆಗಬೇಕಿಲ್ಲ. ರಾತ್ರಿ ಎರಡು ಗಂಟೆಗೆ, ಒಬ್ಬರೇ ನರ್ಸ್, ಪಕ್ಕದ ಟೇಬಲ್ಲಿನಲ್ಲಿ ಇನ್ನೊಂದು ಹೆರಿಗೆ. ಇಂಥ ಅನುಮಾನ ಬಂದಾಗ ನಿರ್ಜೀವ ಜನನವನ್ನೂ ಮೊದಲ ವಾರದ ಸಾವನ್ನೂ ಕೂಡಿಸಿ ನೋಡುತ್ತೇನೆ. ಹೆಸರು ಯಾವುದೇ ಬರೆಯಲಿ, ಕೂಸು ಆ ಮೊತ್ತದಿಂದ ತಪ್ಪಿಸಿಕೊಳ್ಳುವುದಿಲ್ಲ.

ಹೊಸ ರೋಗಿಗಳೋ, ಇರುವ ರೋಗಿಗಳೋ

ಕಾಯಿಲೆಯ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಇದು. ಇನ್ಸಿಡೆನ್ಸ್ ಅಂದರೆ ಈ ವರ್ಷ ಹೊಸದಾಗಿ ಕಾಯಿಲೆ ಬಿದ್ದವರು. ಪ್ರಿವೆಲೆನ್ಸ್ ಅಂದರೆ ಇವತ್ತು ಕಾಯಿಲೆ ಇರುವವರು, ಹಳಬರು ಹೊಸಬರು ಎಲ್ಲ ಸೇರಿ. ಬಸ್ ಹತ್ತಿದವರ ಎಣಿಕೆ ಒಂದು, ಬಸ್ಸಿನೊಳಗೆ ಇರುವವರ ಎಣಿಕೆ ಇನ್ನೊಂದು. ಇಳಿಯುವವರು ಕಡಿಮೆಯಾದರೆ ಹತ್ತುವವರು ಹೆಚ್ಚದೆಯೂ ಬಸ್ ತುಂಬುತ್ತದೆ.

ಸಕ್ಕರೆ ಕಾಯಿಲೆ ಅಂಥ ಬಸ್ಸು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದಿತು. ಇಪ್ಪತ್ತು ದಾಟಿದವರಲ್ಲಿ ಶೇ. 11.4, ಪಟ್ಟಣದಲ್ಲಿ 16.4, ಹಳ್ಳಿಯಲ್ಲಿ 8.9. ಮಾತ್ರೆ ಸಿಕ್ಕು, ಇನ್ಸುಲಿನ್ ಸಿಕ್ಕು ಜನ ಹೆಚ್ಚು ವರ್ಷ ಬದುಕಿದಷ್ಟೂ ಈ ಅಂಕಿ ಏರುತ್ತದೆ. ಅದರಲ್ಲಿ ಸಂತೋಷದ ಪಾಲೂ ಇದೆ. ಆದರೆ ಔಷಧಿ ಬೇಡಿಕೆ ಬರೆಯುವ ದಿನ ನನಗೆ ಬೇಕಾದದ್ದು ಇದೇ ಅಂಕಿ. ಒಂದು ಪಿಎಚ್‌ಸಿ ವ್ಯಾಪ್ತಿಯಲ್ಲಿ 20,000 ವಯಸ್ಕರಿದ್ದರೆ ಹಳ್ಳಿಯ ದರದಲ್ಲಿ ಸುಮಾರು 1,780 ಮಧುಮೇಹಿಗಳು. ನಮ್ಮ ಎನ್‌ಸಿಡಿ (ಅಂಟದ ಕಾಯಿಲೆಗಳ) ರಿಜಿಸ್ಟರಿನಲ್ಲಿ 600 ಹೆಸರಿದ್ದರೆ ಉಳಿದವರು ಖಾಸಗಿಗೆ ಹೋಗುತ್ತಿದ್ದಾರೆ, ಇಲ್ಲವೇ ತಮಗೆ ಕಾಯಿಲೆ ಇದೆ ಎಂದೇ ಗೊತ್ತಿಲ್ಲ.

ಕ್ಷಯಕ್ಕೆ ಬಂದರೆ ಪ್ರಿವೆಲೆನ್ಸ್ ಒಂದನ್ನೇ ನಂಬಿದರೆ ಅಪಾಯ. ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಆಗ ಹಳ್ಳಿಗಳಿಗೆ ಚಿಕಿತ್ಸೆಯ ವ್ಯವಸ್ಥೆ ಇನ್ನೂ ಸರಿಯಾಗಿ ತಲುಪಿರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಸಿಕ್ಕವರಲ್ಲಿ ಐದು ವರ್ಷ ಕಳೆಯುವಷ್ಟರಲ್ಲಿ ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರನೇ ಒಂದು ಪಾಲು ತಾವಾಗಿಯೇ ಹುಷಾರಾಗಿದ್ದರು. ಉಳಿದವರು ಇನ್ನೂ ಕೆಮ್ಮುತ್ತಿದ್ದರು, ಇನ್ನೂ ಹರಡುತ್ತಿದ್ದರು. ಈಗ ಯೋಚಿಸಿ: ಸತ್ತ ಆ ಅರ್ಧ ಜನರೂ ಪ್ರಿವೆಲೆನ್ಸಿನಿಂದ ಬಿಟ್ಟುಹೋದರು, ಹುಷಾರಾದವರೂ ಬಿಟ್ಟುಹೋದರು. ಬರಿ ಆ ಅಂಕಿ ನೋಡಿದವನಿಗೆ ಎರಡೂ ಒಂದೇ. ಬಸ್ಸಿನಿಂದ ಇಳಿದವರು ಮನೆ ಸೇರಿದರೋ ಮಣ್ಣು ಸೇರಿದರೋ ಎಂದು ಕೇಳಲು ಪಕ್ಕದಲ್ಲಿ ಮರಣ ದರ ಇರಲೇಬೇಕು.

ದೇಶದ ಕ್ಷಯದ ಇನ್ಸಿಡೆನ್ಸ್ 2015ರಲ್ಲಿ ಲಕ್ಷಕ್ಕೆ 237 ಇದ್ದದ್ದು 2023ಕ್ಕೆ 195ಕ್ಕೆ ಇಳಿದಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2019–21ರ ರಾಷ್ಟ್ರೀಯ ಸಮೀಕ್ಷೆಯ ಪ್ರಿವೆಲೆನ್ಸ್ ಲಕ್ಷಕ್ಕೆ 316. ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿ "ಇಳಿಯಿತೋ ಏರಿತೋ" ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಎರಡನೆಯದು 15 ವರ್ಷ ದಾಟಿದವರದು ಮಾತ್ರ, ಶ್ವಾಸಕೋಶದ ಕ್ಷಯ ಮಾತ್ರ, ಪ್ರಯೋಗಾಲಯದಲ್ಲಿ ಖಚಿತವಾದದ್ದು ಮಾತ್ರ. ಛೇದ ಬೇರೆ, ಅಂಶವೂ ಬೇರೆ.

ಇನ್ಸಿಡೆನ್ಸ್ ಏರಿತು ಅಂದಕೂಡಲೇ ಗಾಬರಿಯಾಗುವುದಕ್ಕೂ ಮೊದಲು ಒಂದು ಕೆಲಸ ಇದೆ. ದಕ್ಷಿಣ ಕೊರಿಯಾದಲ್ಲಿ 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಹದಿನೈದು ಪಟ್ಟು ಏರಿತು. ಅದರಿಂದ ಸಾಯುವವರ ಸಂಖ್ಯೆ ಇದ್ದ ಹಾಗೇ ಇತ್ತು. ಜನ ಸಾಲುಗಟ್ಟಿ ಕುತ್ತಿಗೆ ಸ್ಕ್ಯಾನ್ ಮಾಡಿಸಿಕೊಂಡಿದ್ದರು, ತೊಂದರೆ ಕೊಡದೇ ಇರಬಹುದಾಗಿದ್ದ ಪುಟ್ಟ ಗಂಟುಗಳೆಲ್ಲ ಸಿಕ್ಕಿದ್ದವು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇನ್ನು ಮೇಲೆ ಪ್ರಕರಣ ಏರಿದ್ದು ಕಂಡರೆ ಹಾವು ಹೆಚ್ಚಾದವು ಎಂದು ಬರೆಯುವ ಮೊದಲು ಸಾವಿನ ಸಂಖ್ಯೆ ಕೇಳಿ.

ಕಾಯಿಲೆ ಬಿದ್ದವರಲ್ಲಿ ಎಷ್ಟು, ಊರಿನಲ್ಲಿ ಎಷ್ಟು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಛೇದ: ರೋಗಿಗಳು. ಒಂದು ಕೆಟ್ಟ ವರ್ಷದಲ್ಲಿ ರಾಜ್ಯದಲ್ಲಿ 20 ಜನ ಸತ್ತರು ಎಂದುಕೊಂಡರೂ ಆರೂವರೆ ಕೋಟಿ ಜನಕ್ಕೆ ಭಾಗಿಸಿದರೆ ಲಕ್ಷಕ್ಕೆ 0.03. ಛೇದ: ರಾಜ್ಯ. ಕಾಡಂಚಿನಲ್ಲಿ ಒಣ ಎಲೆಯ ದರಗು ಗುಡಿಸುವ ಹೆಂಗಸಿಗೆ ಮೊದಲನೆಯದೇ ಸತ್ಯ. ಬೆಂಗಳೂರಿನಲ್ಲಿ ಕೂತು ದುಡ್ಡು ಹಂಚುವವರಿಗೆ ಎರಡನೆಯದು ಕಣ್ಣಿಗೇ ಬೀಳುವುದಿಲ್ಲ. ಮೊದಲನೆಯದರಲ್ಲೂ ಒಂದು ಕೊಂಕಿದೆ. ಜ್ವರ ಬಂದವರಿಗೆಲ್ಲ ರಕ್ತ ಪರೀಕ್ಷೆ ಮಾಡಿದ ವರ್ಷ ಛೇದ ಹಿಗ್ಗಿ ಶೇಕಡಾ ಇಳಿಯುತ್ತದೆ. ಆಸ್ಪತ್ರೆ ಸೇರಿದವರನ್ನಷ್ಟೇ ಪರೀಕ್ಷಿಸಿದ ವರ್ಷ ಏರುತ್ತದೆ. ವೈರಸ್ ಮಾತ್ರ ಅದೇ.

ಕೇಳಿ ಬರೆದ ಕಾಯಿಲೆ

"ಕಳೆದ ಹದಿನೈದು ದಿನದಲ್ಲಿ ಏನಾದರೂ ಕಾಯಿಲೆ ಆಗಿತ್ತಾ?" ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಹೀಗೆ ಕೇಳುತ್ತಾರೆ. 2017–18ರಲ್ಲಿ ಹೌದು ಎಂದವರು ಹಳ್ಳಿಯಲ್ಲಿ ಶೇ. 6.8, ಪಟ್ಟಣದಲ್ಲಿ 9.1. ಇಂಥ ಸಮೀಕ್ಷೆಗಳಲ್ಲಿ ಹೌದು ಎನ್ನುವುದರಲ್ಲಿ ಕೇರಳದವರು ಸದಾ ಮುಂದೆ, ಬಿಹಾರದವರು ಹಿಂದೆ. ಅಮರ್ತ್ಯ ಸೇನ್ 2002ರಲ್ಲೇ ಇದನ್ನು ಎತ್ತಿ ತೋರಿಸಿದ್ದರು: ಹೆಚ್ಚು ಕಾಲ ಬದುಕುವವರೇ ಹೆಚ್ಚು ಕಾಯಿಲೆ ಹೇಳಿಕೊಳ್ಳುತ್ತಾರೆ. ಓದಿದವರಿಗೆ, ಡಾಕ್ಟರು ಹತ್ತಿರ ಇರುವವರಿಗೆ ಮೈಯ ತೊಂದರೆ ಕಾಯಿಲೆಯಾಗಿ ಕಾಣುತ್ತದೆ. ನಮ್ಮ ಅಜ್ಜಿ ಮಂಡಿ ಹಿಡಿದುಕೊಂಡೇ ಮೂವತ್ತು ವರ್ಷ ಓಡಾಡಿದರು; ಕೇಳಿದ್ದರೆ "ನಂಗೇನಾಗಿದೆ, ಗುಂಡುಕಲ್ಲಿನ ಥರ ಇದೀನಿ" ಅನ್ನುತ್ತಿದ್ದರು. ಈ ಅಂಕಿಯನ್ನು ಜನ ಆಸ್ಪತ್ರೆಗೆ ಎಷ್ಟು ಹೋಗುತ್ತಾರೆ, ಕೈಯಿಂದ ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ಇಟ್ಟುಕೊಳ್ಳಿ. ಯಾವ ರಾಜ್ಯ ಹೆಚ್ಚು ಆರೋಗ್ಯವಂತ ಎಂಬುದಕ್ಕೆ ಬೇಡ.

ಮಂಡಿನೋವು, ಬೆನ್ನುನೋವು, ಖಿನ್ನತೆ ಯಾವುದೂ ಮರಣ ಪಟ್ಟಿಯಲ್ಲಿ ಕಾಣುವುದಿಲ್ಲ. ಬೇಗ ಸತ್ತು ಕಳೆದುಕೊಂಡ ವರ್ಷ, ನರಳಿ ಕಳೆದುಕೊಂಡ ವರ್ಷ ಎರಡನ್ನೂ ಕೂಡಿಸುವ ಡಾಲಿ ಎಂಬ ಅಳತೆ ಹುಟ್ಟಿದ್ದೇ ಅದಕ್ಕೆ. ಆ ಅಳತೆಯಲ್ಲಿ ದೇಶದ ಕಾಯಿಲೆಯ ಹೊರೆಯಲ್ಲಿ ಅಂಟುರೋಗ, ಬಾಣಂತಿ–ಶಿಶು, ಅಪೌಷ್ಟಿಕತೆಯ ಪಾಲು 1990ರಲ್ಲಿ ಶೇ. 61 ಇದ್ದದ್ದು 2016ಕ್ಕೆ 33ಕ್ಕೆ ಇಳಿಯಿತು. ಸಕ್ಕರೆ, ಬಿಪಿ, ಹೃದಯದಂಥ ಅಂಟದ ಕಾಯಿಲೆಗಳದು 30ರಿಂದ 55ಕ್ಕೆ ಏರಿತು. ರಾಜ್ಯದ ಬಜೆಟ್ಟಿಗೆ ಉಪಯುಕ್ತ. ತಾಲ್ಲೂಕಿಗೆ ಯಾರಾದರೂ ಡಾಲಿ ಲೆಕ್ಕ ಹಾಕಿಕೊಟ್ಟರೆ ನಾನಂತೂ ನಂಬುವುದಿಲ್ಲ. ಅಷ್ಟು ಸಣ್ಣ ಜಾಗಕ್ಕೆ ಅದರ ಅರ್ಧ ಅಂದಾಜಿನ ಮೇಲೆ ಅಂದಾಜು.

ಸಾವಿಗೆ ಕಾರಣ ಯಾರು ಬರೆದರು

2020ರಲ್ಲಿ ದೇಶದಲ್ಲಿ ನೋಂದಣಿಯಾದ 81 ಲಕ್ಷ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ. 22.5ಕ್ಕೆ ಮಾತ್ರ, ಅದೂ ಹೆಚ್ಚಾಗಿ ಆಸ್ಪತ್ರೆಗಳಲ್ಲಿ ಆದದ್ದಕ್ಕೆ. ವೈದ್ಯರು ಸಾವಿನ ಕಾರಣ ಬರೆಯುವ ಫಾರಂ 4ರಲ್ಲಿ ಕೊನೆಗೆ ಸಾವು ತಂದದ್ದು ಏನು, ಅದಕ್ಕೆ ಮೂಲ ಏನು ಎಂದು ಸಾಲು ಸಾಲಾಗಿ ಕೇಳುತ್ತದೆ. ಎಣಿಕೆಗೆ ಬೇಕಾದದ್ದು ಕೆಳಗಿನ ಮೂಲದ ಸಾಲು. ನನ್ನ ಕೈಗೆ ಬಂದ ಎಷ್ಟೋ ಫಾರಂಗಳಲ್ಲಿ ಮೇಲಿನ ಸಾಲಿನಲ್ಲಿ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಎಂದು ಬರೆದು ಉಳಿದದ್ದಕ್ಕೆ ಗೆರೆ ಎಳೆದಿರುತ್ತದೆ. ಹೃದಯ ನಿಂತು, ಉಸಿರು ನಿಂತು ಸಾಯದವರು ಯಾರಿದ್ದಾರೆ ಸ್ವಾಮಿ? ಹಾವು ಕಡಿದವನೂ ಹಾಗೇ ಸಾಯುತ್ತಾನೆ.

ಮನೆಯಲ್ಲಿ ಆದ ಸಾವಿಗೆ ವರ್ಬಲ್ ಅಟಾಪ್ಸಿ ಇದೆ: ಮನೆಯವರನ್ನು ಕೂರಿಸಿಕೊಂಡು ಕೊನೆಯ ದಿನಗಳನ್ನು ಕೇಳಿ, ಆ ಬರಹ ನೋಡಿ ವೈದ್ಯರು ಕಾರಣ ಊಹಿಸುವುದು. ಎಸ್‌ಆರ್‌ಎಸ್ ಮನೆಗಳಲ್ಲಿ ಹೀಗೆ ಕೇಳಿದಾಗಲೇ 2005ರಲ್ಲಿ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 46,000 ಎಂದು ಗೊತ್ತಾದದ್ದು. ಆಸ್ಪತ್ರೆಯ ಲೆಕ್ಕದಲ್ಲಿ ಅದರ ಸಣ್ಣ ಚೂರಷ್ಟೇ ಇತ್ತು, ಏಕೆಂದರೆ ಆ ಜನ ಆಸ್ಪತ್ರೆಯ ಬಾಗಿಲಿಗೇ ಬಂದಿರಲಿಲ್ಲ.

ನಮ್ಮ ತಾಲ್ಲೂಕಿನ ಎಂಎಂಆರ್ ಎಷ್ಟು ಸಾರ್?

ವರ್ಷಕ್ಕೆ ಒಂದೆರಡು ಸಲ ಪತ್ರಿಕೆಯವರು ಫೋನ್ ಮಾಡಿ ಕೇಳುವ ಪ್ರಶ್ನೆ ಇದು. ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸತ್ತರು ಎಂಬುದು ಎಂಎಂಆರ್. 2018–20ರಲ್ಲಿ ದೇಶದ್ದು 97, ಕರ್ನಾಟಕದ್ದು 69, ತಮಿಳುನಾಡಿನದು 54, ಕೇರಳದ್ದು 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು; ಇದನ್ನು ದಪ್ಪಕ್ಷರದಲ್ಲಿ ಬರೆಯಲಿ, ತಕರಾರಿಲ್ಲ. ಆದರೆ ರಾಜ್ಯಗಳಿಗೇ ಅವರು ಮೂರು ವರ್ಷ ಕೂಡಿಸಿ ಕೊಟ್ಟಿದ್ದಾರೆ ನೋಡಿ. ಒಂದು ವರ್ಷದ ಸಾವುಗಳು ದರ ಕಟ್ಟಲು ಸಾಲುವುದಿಲ್ಲ.

ತಾಲ್ಲೂಕಿನ ಜನ ಎರಡೂವರೆ ಲಕ್ಷ ಇದ್ದರೆ ವರ್ಷಕ್ಕೆ ಸುಮಾರು 4,100 ಹೆರಿಗೆ. ರಾಜ್ಯದ ದರದಲ್ಲಿ ಮೂರು ಸಾವಿನ ಹತ್ತಿರ ಬರುತ್ತದೆ. ಒಂದು ವರ್ಷ ಎರಡು ಆಗಿ ಮುಂದಿನ ವರ್ಷ ನಾಲ್ಕಾದರೆ ಎಂಎಂಆರ್ 49ರಿಂದ 98ಕ್ಕೆ ಹಾರುತ್ತದೆ. "ತಾಯಿ ಮರಣ ದುಪ್ಪಟ್ಟು" ಎಂದು ತಲೆಬರಹ, ಮಾರನೇ ದಿನ ಯಾರಿಗೋ ನೋಟಿಸು. ಒಂದು ಪಿಎಚ್‌ಸಿಯಲ್ಲಂತೂ ಮೂರು ವರ್ಷಕ್ಕೊಂದು ಸಾವು ಬಂದರೆ ಬಂತು. ಇಲ್ಲಿ ದರದ ಕೆಲಸ ಮುಗಿಯಿತು. ಇನ್ನು ತೆಗೆಯಬೇಕಾದದ್ದು ತಾಯಿ ಮರಣ ಪರಿಶೀಲನೆಯ ಫಾರಂ.

ಹೋದ ಸಲ ಫೋನ್ ಬಂದಾಗ ನನ್ನ ಮುಂದೆ ಅಂಥದ್ದೊಂದು ಇತ್ತು. ಹೆಸರು, ಊರು, ಆಸ್ಪತ್ರೆ ಬಿಟ್ಟು ಗಂಟೆಗಳನ್ನಷ್ಟೇ ಓದಿದೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲುತ್ತಿಲ್ಲ ಎಂದು ಆಶಾ ಕಾರ್ಯಕರ್ತೆ ಫೋನ್ ಮಾಡಿದ್ದು ರಾತ್ರಿ 11.00. ಆಂಬುಲೆನ್ಸ್ ಬಂದದ್ದು 12.40. ಮೊದಲ ಆಸ್ಪತ್ರೆ 1.25, ಅಲ್ಲಿ ಆ ಗುಂಪಿನ ರಕ್ತ ಇಲ್ಲ. ಮತ್ತೆ ಗಾಡಿ ಹತ್ತಿಸಿದ್ದು 2.30. ದೊಡ್ಡ ಆಸ್ಪತ್ರೆಯ ಬಾಗಿಲು 4.10.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದೆಲ್ಲ ಸರಿ ಸಾರ್, ಹೆಡ್ಡಿಂಗಿಗೆ ಒಂದು ನಂಬರ್ ಬೇಕಲ್ಲ?"

"ಐದು ಗಂಟೆ ಹತ್ತು ನಿಮಿಷ ಅಂತ ಬರ್ಕೊಳ್ಳಿ" ಅಂದೆ.